ಅಭಿಮಾನವೆಂಬುದು ಕಾಯಿಲೆಯೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಹದಿಹರೆಯದ ಮಕ್ಕಳ ತಂದೆತಾಯಿಯರು. ಅವರಿಂದ ಇತ್ತೀಚೆಗೆ ಪದೇ ಪದೇ ಬರುವ ದೂರೊಂದುಂಟು. "ಸಾರ್, ಮಗಳು ಮೂರು ಹೊತ್ತೂ ಆ ಕೊರಿಯಾ ಹುಡುಗರ ಹಾಡು ಕೇಳ್ತಾಳೆ. ಗೋಡೆ ತುಂಬ ಅವರದೇ ಚಿತ್ರ. ನಮ್ಮ ಮಾತಂತೂ ಕೇಳಲ್ಲ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ." ಹೀಗೆ ಹೇಳುವವರ ಪೈಕಿ ನನ್ನ ಸ್ವಂತ ಮಗಳೂ ಇದ್ದಾಳೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆ ಬಿಟಿಎಸ್ ಎಂಬ ಏಳು ಜನರ ಗಾಯನ ತಂಡವೆಂದರೆ ಊಟವೂ ಬೇಡ, ನಿದ್ರೆಯೂ ಬೇಡ. 2013ರಲ್ಲಿ ಹಾಡಲು ಆರಂಭಿಸಿದ ಆ ತರುಣರ ಹುಟ್ಟಿದ ದಿನಗಳೆಲ್ಲ ಅವಳಿಗೆ ಕಂಠಪಾಠ. ತಾತನ ಹುಟ್ಟುಹಬ್ಬ ಯಾವಾಗ ಎಂದು ಕೇಳಿದರೆ ಮಾತ್ರ ಅಮ್ಮನ ಮುಖ ನೋಡುತ್ತಾಳೆ.

ಬುದ್ಧಿ ಹೇಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಮೂವತ್ತಾರು ವರ್ಷ ಅದೇ ಸಂಬಳದ ಕೆಲಸವಾಗಿತ್ತು. ಆದರೆ ಯಾವ ಬುದ್ಧಿ ಎಂಬುದು ಪ್ರಶ್ನೆ. ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಗಣಿತದ ಮೇಷ್ಟರೊಬ್ಬರಿದ್ದರು. "ಅಭಿಮಾನ ಅಂದ್ರೆ ಬುದ್ಧೀನ ಅಡವಿಡೋದು" ಎಂಬುದು ಅವರ ಸಿದ್ಧಾಂತ. ಅವರೊಡನೆ ನಾನು ಎಷ್ಟು ಮಧ್ಯಾಹ್ನಗಳನ್ನು ಈ ವಾದದಲ್ಲಿ ಕಳೆದಿದ್ದೇನೋ ಲೆಕ್ಕವಿಲ್ಲ. ಅಡವಿಟ್ಟ ವಸ್ತುವನ್ನು ಬಡ್ಡಿಸಮೇತ ಬಿಡಿಸಿಕೊಂಡು ಬಂದವರೂ ಉಂಟು ಎಂಬುದು ನನ್ನ ಪಕ್ಷ. ಅಂಥ ಒಬ್ಬನ ಕಥೆಯನ್ನು ಹೇಳದೆ ಈ ವಾದವನ್ನು ಮುಂದುವರಿಸಲಾರೆ. ಅವನು ನಿಮ್ಮಲ್ಲಿ ಕೆಲವರ ಸಹಪಾಠಿ. ಓದುತ್ತಿದ್ದಂತೆ ಯಾರೆಂದು ನಿಮಗೆ ಹೊಳೆಯುತ್ತದೆ. ಅವನ ಮನೆಯವರ ದೃಷ್ಟಿಯಿಂದ ಹೆಸರನ್ನು ಬರೆಯುವುದಿಲ್ಲ.

ಬಿ.ಎಡ್. ಮುಗಿಸಿ ನಾನು ಕುರುಬರಹಳ್ಳಿಯ ಕಡೆಗೆ ಬಂದದ್ದು 1984ರಲ್ಲಿ. ಹೆಸರು ಹಳ್ಳಿಯದಾದರೂ ಊರು ಆಗಲೇ ಬೆಂಗಳೂರಿನೊಳಗೆ ಕರಗಿತ್ತು. ಒಂದು ಕಡೆ ಮಹಾಲಕ್ಷ್ಮಿಪುರ, ಇನ್ನೊಂದು ಕಡೆ ಬಸವೇಶ್ವರನಗರ, ಕೆಳಗೆ ರಾಜಾಜಿನಗರದ ಕಾರ್ಖಾನೆಗಳು. ಆ ಕಾರ್ಖಾನೆಗಳಲ್ಲಿ ಲೇತ್ ತಿರುಗಿಸುವವರು, ವೆಲ್ಡಿಂಗ್ ಮಾಡುವವರು, ಪವರ್‌ಲೂಮ್ ನಡೆಸುವವರು ವಠಾರಗಳಲ್ಲಿ ಸಂಸಾರ ಹೂಡಿದ್ದರು. ಒಂದೇ ವಠಾರದಲ್ಲಿ ತೆಲುಗು, ತಮಿಳು, ಮರಾಠಿ, ಉರ್ದು, ಕನ್ನಡ ಎಲ್ಲವೂ ಕೇಳಿಬರುತ್ತಿದ್ದವು. ನನ್ನ ತರಗತಿಯ ಅರ್ಧದಷ್ಟು ಮಕ್ಕಳಿಗೆ ಕನ್ನಡ ಬೀದಿಯ ಭಾಷೆಯಾಗಿತ್ತು, ಮನೆಯ ಭಾಷೆಯಾಗಿರಲಿಲ್ಲ.

ಗೋಕಾಕ್ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಪ್ರೊ. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತ್ತು. 1982ರಲ್ಲಿ ಡಾ. ರಾಜ್‌ಕುಮಾರ್ ಚಳವಳಿಗೆ ಧುಮುಕಿ ಬೆಳಗಾವಿಯಿಂದ ಬೆಂಗಳೂರಿನವರೆಗೆ ಊರೂರಿನಲ್ಲಿ ಮಾತನಾಡುತ್ತ ಬಂದಿದ್ದರು. ವಿದ್ವಾಂಸರ ವರದಿಯೊಂದು ಬೀದಿಯ ಮಾತಾದದ್ದು ಆ ಯಾತ್ರೆಯಿಂದ. ರಾಜ್‌ಕುಮಾರ್ ಅಭಿಮಾನಿಗಳ ಸಂಘಗಳು ಬೀದಿಬೀದಿಗೆ ಹುಟ್ಟಿಕೊಂಡವು. ನವೆಂಬರ್ ತಿಂಗಳು ಪೂರ್ತಿ ರಾಜ್ಯೋತ್ಸವ, ಭಾದ್ರಪದದಿಂದ ಆರಂಭವಾಗಿ ಎರಡು ತಿಂಗಳು ಗಣೇಶೋತ್ಸವ. ಎರಡರಲ್ಲೂ ವಾದ್ಯಗೋಷ್ಠಿ ಇಲ್ಲದಿದ್ದರೆ ಆ ಬೀದಿಗೇ ಅವಮಾನ. ರಸ್ತೆಗೆ ಅಡ್ಡಲಾಗಿ ವೇದಿಕೆ, ಎರಡು ಬದಿಗೆ ಆಳೆತ್ತರದ ಸ್ಪೀಕರುಗಳು, ಢೋಲಕ್, ತಬಲಾ, ಕಾಂಗೋ, ಕೀಬೋರ್ಡು, ಕೊರಳಿಗೆ ಕೆಂಪು ಹಳದಿ ಶಾಲು ಸುತ್ತಿದ ಗಾಯಕ. ಮಕ್ಕಳು ಮರುದಿನ ತರಗತಿಯಲ್ಲಿ ತೂಕಡಿಸುತ್ತಿದ್ದರು.

ನಾನು ಹೇಳಹೊರಟ ಹುಡುಗ 1986ರಲ್ಲಿ ಎಂಟನೆಯ ತರಗತಿಗೆ ಬಂದ. ಮನೆಮಾತು ತೆಲುಗು. ತಂದೆ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಹುಡುಗನ ಕನ್ನಡ ಬರವಣಿಗೆ ನೋಡಿದರೆ ಕಣ್ಣಿಗೆ ಕಟ್ಟುವ ಕತ್ತಲೆ. ಒತ್ತಕ್ಷರಗಳೆಲ್ಲ ಮಾಯ. ಅಕಾರಕ್ಕೆ ಹಕಾರ, ಹಕಾರಕ್ಕೆ ಅಕಾರ. ಮಹಾಪ್ರಾಣವೆಂಬುದು ಅವನ ಪಾಲಿಗೆ ಕಂಡರಿಯದ ಪ್ರಾಣಿ. ಆದರೆ ಬಾಯಿ ತೆರೆದು ರಾಜ್‌ಕುಮಾರ್ ಹಾಡೊಂದನ್ನು ಎತ್ತಿಕೊಂಡನೆಂದರೆ ಒಂದು ಅಕ್ಷರವೂ ಸೊಟ್ಟಗಾಗುತ್ತಿರಲಿಲ್ಲ! ಷಕಾರ, ಶಕಾರ, ಳಕಾರ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ಇದು ನನಗೆ ಬಹಳ ಕುತೂಹಲದ ಸಂಗತಿಯಾಗಿ ಕಂಡಿತು. ನಾಲಗೆಗೆ ಗೊತ್ತಿರುವುದು ಕೈಗೆ ಏಕೆ ಗೊತ್ತಿಲ್ಲ?

ಇಲ್ಲಿ ಆ ಕಂಠದ ಬಗೆಗೆ ಒಂದೆರಡು ಮಾತು ಹೇಳಬೇಕು. ನಿಮ್ಮ ಮಕ್ಕಳಿಗೆ ಇದು ತಿಳಿದಿರಲಿಕ್ಕಿಲ್ಲ. 1954ರ 'ಬೇಡರ ಕಣ್ಣಪ್ಪ'ದಿಂದ ಸುಮಾರು ಇಪ್ಪತ್ತು ವರ್ಷ ರಾಜ್‌ಕುಮಾರ್ ನಾಯಕನಟರಾಗಿ ಬೆಳಗಿದರೂ ತೆರೆಯ ಮೇಲೆ ಅವರ ಹಾಡಿನ ದನಿ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್ ಅವರದಾಗಿತ್ತು. ನಡುವೆ ಅಲ್ಲೊಂದು ಇಲ್ಲೊಂದು ಹಾಡನ್ನು ರಾಜ್ ತಾವೇ ಹಾಡಿದ್ದುಂಟು. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಅವರು ಎಮ್ಮೆಯ ಮೇಲೆ ಕುಳಿತು ಹಾಡುವ ಆ ಪ್ರಸಿದ್ಧ ಗೀತೆಯನ್ನು ರಾಜ್ ಅವರಿಂದಲೇ ಹಾಡಿಸಿದ ಮೇಲೆ ನಟ ಮತ್ತು ಗಾಯಕ ಒಬ್ಬರೇ ಆದರು. ಬಾಲ್ಯದಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ವ್ಯಕ್ತಿ ಅವರು. ಧ್ವನಿವರ್ಧಕವಿಲ್ಲದ ಕಾಲದ ರಂಗಭೂಮಿಯಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಒಂದೊಂದು ಅಕ್ಷರ ಮುಟ್ಟಬೇಕಾಗಿತ್ತು. ಆ ಅಭ್ಯಾಸ ಕೊನೆಯವರೆಗೂ ಅವರನ್ನು ಬಿಡಲಿಲ್ಲ. 1992ರ 'ಜೀವನ ಚೈತ್ರ'ದಲ್ಲಿ ತೋಡಿ ರಾಗದ ಹಾಡಿಗೆ ಅತ್ಯುತ್ತಮ ಗಾಯಕನೆಂಬ ರಾಷ್ಟ್ರಪ್ರಶಸ್ತಿ ಬಂದಾಗ ಅವರ ವಯಸ್ಸು ಅರವತ್ತು ದಾಟಿತ್ತು. ನಮ್ಮ ಬಿ.ಎಡ್. ತರಬೇತಿಯಲ್ಲಿ ಉಚ್ಚಾರಣೆಯ ಪಾಠಕ್ಕೆಂದು ಇಟ್ಟಿದ್ದ ಅವಧಿಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಮಕ್ಕಳು ಆ ಹಾಡುಗಳಿಂದ ಕಲಿಯಬಲ್ಲರೆಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಆದ್ದರಿಂದ ಹುಡುಗನಿಗೆ ಒಂದು ಕೆಲಸ ಹೇಳಿದೆ. ದಿನಕ್ಕೊಂದು ಹಾಡನ್ನು ಕೇಳಿ, ನೋಟುಪುಸ್ತಕದಲ್ಲಿ ಬರೆದು ತರಬೇಕು. ಚಿತ್ರಮಂದಿರದ ಹೊರಗೆ ಮಾರುವ ಹಾಡಿನ ಪುಸ್ತಕ ನೋಡಿ ನಕಲು ಮಾಡಕೂಡದು. ಕಿವಿಯಿಂದ ಕೇಳಿದ್ದನ್ನೇ ಬರೆಯಬೇಕು. ಹಾಡಿ ತೋರಿಸಿ, ಆಮೇಲೆ ಬರೆದದ್ದನ್ನು ಓದಬೇಕು. ಎರಡಕ್ಕೂ ಎಲ್ಲಿ ವ್ಯತ್ಯಾಸ ಬರುವುದೋ ಅಲ್ಲಿ ಕೆಂಪು ಶಾಯಿಯ ಗುರುತು ಅವನೇ ಹಾಕಿಕೊಳ್ಳಬೇಕು. ಪಕ್ಕದ ಮನೆಯವರ ಟೇಪ್ ರೆಕಾರ್ಡರಿನಲ್ಲಿ 'ಸಂಗೀತಾ' ಕ್ಯಾಸೆಟ್ಟುಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ತಿರುಗಿಸಿ ಅವರ ಕ್ಯಾಸೆಟ್ಟೊಂದರ ಟೇಪು ಹರಿದುಹೋಗಿ ಜಗಳವಾದದ್ದೂ ಉಂಟು. ಒಂಬತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಕೆಂಪು ಗುರುತುಗಳು ಕಡಿಮೆಯಾದವು. ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ 'ಬಭ್ರುವಾಹನ'ದ ಅರ್ಜುನ ಬಭ್ರುವಾಹನರ ವಾಗ್ವಾದದ ಹಾಡನ್ನು ಅವನೊಬ್ಬನೇ ಎರಡು ದನಿಯಲ್ಲಿ ಹಾಡಿದ. ಸಿನಿಮಾದಲ್ಲಿ ಎರಡು ಪಾತ್ರವೂ ರಾಜ್‌ಕುಮಾರರದೇ ಆದರೂ ಹಾಡಿಗೆ ರಾಜ್ ಮತ್ತು ಪಿ.ಬಿ.ಎಸ್. ಇಬ್ಬರು ಬೇಕಾಗಿದ್ದರು! ಗಣಿತದ ಮೇಷ್ಟರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆಮೇಲೆ ನನ್ನ ಕಡೆ ನೋಡಿ ಕುಳಿತುಕೊಂಡರು.

1989ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲಿ ಅವನಿಗೆ ಎಂಬತ್ತಕ್ಕೂ ಹೆಚ್ಚು ಅಂಕ ಬಂದವು. ಗಣಿತದ ಸುದ್ದಿ ಬೇಡ.

ಮುಂದಿನದು ಹೆಚ್ಚು ಹೇಳಬೇಕಾದ ಕಥೆಯಲ್ಲ. ಐ.ಟಿ.ಐ. ಮಾಡಿ ಲೇತ್ ಕೆಲಸಕ್ಕೆ ಸೇರಿದ. ಹಗಲು ಕಬ್ಬಿಣ, ರಾತ್ರಿ ಹಾಡು. ಏಳು ಜನ ಗೆಳೆಯರು ಸೇರಿ ಒಂದು ವಾದ್ಯಗೋಷ್ಠಿ ಕಟ್ಟಿದರು. ಅದರಲ್ಲಿ ಆಟೋ ಓಡಿಸುವವನೊಬ್ಬ ಢೋಲಕ್ ಬಾರಿಸುತ್ತಿದ್ದ, ಹೂವಿನ ಅಂಗಡಿಯವನೊಬ್ಬ ಕೀಬೋರ್ಡು. ಕುರುಬರಹಳ್ಳಿ, ಕಮಲಾನಗರ, ಲಗ್ಗೆರೆ, ಮಾಗಡಿ ರಸ್ತೆ, ಕೆಲವೊಮ್ಮೆ ನೆಲಮಂಗಲ, ಕುಣಿಗಲ್. ಇಂಥ ತಂಡಗಳ ಆದಾಯವೆಷ್ಟೆಂದು ಬಲ್ಲವರು ಬಲ್ಲರು. ಹೊಸ ಕೀಬೋರ್ಡಿಗಾಗಿ ಹೆಂಡತಿಯ ಸರ ಅಡವಿಗೆ ಹೋಯಿತು, ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ನಿದ್ರೆಗೆಟ್ಟು ಕೆಲಸಕ್ಕೆ ಹೋಗಿ ಒಮ್ಮೆ ಬೆರಳಿಗೆ ಪೆಟ್ಟು ಮಾಡಿಕೊಂಡ. ಅವನ ತಾಯಿ ನನ್ನನ್ನು ಕಂಡಾಗಲೆಲ್ಲ, "ನೀವೇ ಮೇಷ್ಟ್ರೇ ಇವನನ್ನ ಕೆಡಿಸಿದ್ದು, ಹಾಡು ಬರಿ ಹಾಡು ಬರಿ ಅಂತ" ಎಂದು ಗದರುತ್ತಿದ್ದರು. ಅಭಿಮಾನಕ್ಕೆ ತೆರುವ ಬೆಲೆಯನ್ನು ಮುಚ್ಚಿಟ್ಟು ನಾನು ವಾದ ಮಾಡಲಾರೆ. ಬೆಲೆಯುಂಟು, ಅದನ್ನು ಹೆಚ್ಚಾಗಿ ತೆರುವವರು ಮನೆಯ ಹೆಂಗಸರು.

ಆದರೆ ಆ ತಂಡದಲ್ಲಿ ಒಂದು ನಿಯಮವಿತ್ತು. ಕುಡಿದು ವೇದಿಕೆ ಹತ್ತುವಂತಿಲ್ಲ. ಅಣ್ಣಾವ್ರ ಹಾಡನ್ನು ಕುಡಿದ ಬಾಯಲ್ಲಿ ಹಾಡಬಾರದು ಎಂಬುದು ಅವನ ಮಾತು. ಆಟೋ ಓಡಿಸುವ ಗೆಳೆಯ ಮೊದಲ ವರ್ಷ ವೇದಿಕೆಯ ದಿನ ಮಾತ್ರ ಬಿಟ್ಟ. ವೇದಿಕೆಗಳು ವರ್ಷಕ್ಕೆ ನೂರಾದ ಮೇಲೆ ಬಿಡದೆ ಇರುವ ದಿನಗಳೇ ಕಡಿಮೆಯಾದವು. ಯಾವ ಮದ್ಯಪಾನ ವಿರೋಧಿ ಭಾಷಣವೂ, ಅಂಥವನ್ನು ನಾನೇ ಎಷ್ಟೋ ಮಾಡಿದ್ದೇನೆ, ಇಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಅಭಿಮಾನದ ಶಕ್ತಿ ಇರುವುದು ಇಲ್ಲಿಯೇ ಎಂದು ನನ್ನ ತಿಳಿವಳಿಕೆ. ಮನುಷ್ಯ ತಾನು ಪ್ರೀತಿಸಿದವರಂತೆ ಆಗಲು ಯತ್ನಿಸುತ್ತಾನೆ. ಮೇಷ್ಟರು ಹೇಳಿದ್ದನ್ನು ಪರೀಕ್ಷೆಯವರೆಗೆ ಮಾತ್ರ ಮಾಡುವ ಹುಡುಗ, ಪ್ರೀತಿಸಿದ ಗಾಯಕ ಮಾಡಿದ್ದನ್ನು ಜೀವಮಾನವೆಲ್ಲ ಮಾಡುತ್ತಾನೆ. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ, ಈ ಹುಚ್ಚು ಯಾವಾಗ ಬಿಡುತ್ತದೆ ಎಂಬುದಲ್ಲ. ಆ ಗಾಯಕ ತನ್ನ ಅಭಿಮಾನಿಗೆ ಮಾಡಲು ಏನು ಕೊಟ್ಟಿದ್ದಾನೆ ಎಂಬುದು. ಕಟೌಟಿಗೆ ಹಾಲೆರೆಯುವುದನ್ನು ನಾನು ಎಂದೂ ಒಪ್ಪಿದವನಲ್ಲ. ಹಾಲು ಎರೆಯುವುದರಿಂದ ಎರೆದವನಿಗೆ ಏನೂ ಆಗುವುದಿಲ್ಲ, ಕಟೌಟಿಗೂ ಆಗುವುದಿಲ್ಲ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ನಮ್ಮ ಕಣ್ಣೆದುರೇ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಅಂದು ಮಧ್ಯಾಹ್ನದಿಂದ ಮರುದಿನ ಸಂಜೆಯವರೆಗೆ ಈ ನಗರದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಬಸ್ಸುಗಳು ಸುಟ್ಟವು, ಗಾಜುಗಳು ಪುಡಿಯಾದವು, ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆಯನ್ನು ನೆಮ್ಮದಿಯಿಂದ ನೆರವೇರಿಸಲೂ ಆಗಲಿಲ್ಲ. ನಮ್ಮ ಹುಡುಗ, ಆಗ ಅವನಿಗೆ ಮೂವತ್ತಮೂರು, ಬೆಳಗ್ಗೆಯೇ ನಡೆದು ಹೋಗಿದ್ದ. ರಾತ್ರಿ ನಮ್ಮ ಮನೆಗೆ ಬಂದಾಗ ಅಂಗಿ ಹರಿದಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ಹೊಸ್ತಿಲ ಬಳಿ ಕುಳಿತು, "ಅಣ್ಣಾವ್ರ ಮುಖ ನೋಡೋಕಾಗಲಿಲ್ಲ ಸಾರ್" ಎಂದ. ನೀರು ಕುಡಿದು ಸ್ವಲ್ಪ ಹೊತ್ತಾದ ಮೇಲೆ, "ಕಲ್ಲು ಹೊಡೀತಿದ್ರಲ್ಲ, ಅವರಲ್ಲಿ ಎಷ್ಟು ಜನಕ್ಕೆ ಒಂದು ಹಾಡು ಪೂರ್ತಿ ಬರುತ್ತೆ ಸಾರ್?" ಎಂದು ಕೇಳಿದ.

ಮಾತು ಚೆನ್ನಾಗಿತ್ತು. ಆದರೆ ನಾನು ಅದನ್ನು ಪೂರ್ತಿ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಕಲ್ಲು ಹೊಡೆದವರು ಅಭಿಮಾನಿಗಳೇ ಅಲ್ಲ, ಕಿಡಿಗೇಡಿಗಳು ಎಂದುಬಿಡುವುದು ಸುಲಭದ ದಾರಿ. ಕಿಡಿಗೇಡಿಗಳಿದ್ದಿರಬಹುದು. ಆದರೆ ಅಂದು ಬೀದಿಗೆ ಬಂದ ಬಹುಜನರಿಗೆ ದುಃಖ ನಿಜವಾದದ್ದೇ. ದುಃಖವನ್ನು ತೆಗೆದುಕೊಂಡು ಏನು ಮಾಡಬೇಕೆಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಮುಖದರ್ಶನವೂ ಸಿಗದೆ, ಮಾಡಲು ಕೆಲಸವೂ ಇಲ್ಲದೆ ಹೋದ ಅಷ್ಟು ದೊಡ್ಡ ಗುಂಪಿನ ಕೈ ಕಲ್ಲಿನ ಮೇಲೆ ಹೋಯಿತು. ವಿಚಿತ್ರವೆಂದರೆ, ಆ ಹೊತ್ತಿಗೆ ರಾಜ್‌ಕುಮಾರ್ ಮಾತ್ರ ತಮ್ಮ ಕೊನೆಯ ಕೆಲಸವನ್ನು ಮುಗಿಸಿಬಿಟ್ಟಿದ್ದರು. ಅವರ ಕಣ್ಣುಗಳು ದಾನವಾಗಿದ್ದವು. ಊರು ಉರಿಯುತ್ತಿದ್ದ ಗದ್ದಲದಲ್ಲಿ ಆ ಸುದ್ದಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಆ ಕಣ್ಣುಗಳ ಕಥೆ ಆರಂಭವಾದದ್ದು ಹನ್ನೆರಡು ವರ್ಷ ಮುಂಚೆ, ನಮ್ಮ ಮನೆಗಳಿಂದ ನಡೆದು ಹೋಗುವಷ್ಟು ದೂರದಲ್ಲಿ. ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ನಾರಾಯಣ ನೇತ್ರಾಲಯದಲ್ಲಿ 1994ರಲ್ಲಿ ರಾಜ್‌ಕುಮಾರ್ ಹೆಸರಿನ ನೇತ್ರಬ್ಯಾಂಕು ಶುರುವಾಯಿತು. ಅದನ್ನು ಉದ್ಘಾಟಿಸಿದ ರಾಜ್ ತಮ್ಮ ಕಣ್ಣುಗಳನ್ನೂ ಮನೆಯವರ ಕಣ್ಣುಗಳನ್ನೂ ದಾನ ಮಾಡುವುದಾಗಿ ಮಾತು ಕೊಟ್ಟರು. ಆಸ್ಪತ್ರೆಯ ಸ್ಥಾಪಕರಾದ ಡಾ. ಕೆ. ಭುಜಂಗ ಶೆಟ್ಟಿಯವರು 2023ರಲ್ಲಿ ನಮ್ಮನ್ನು ಅಗಲಿದರು. ನಮ್ಮ ಹುಡುಗನೂ ಅವನ ತಂಡದ ಆರು ಜನರೂ ಆ ಸುದ್ದಿ ಪತ್ರಿಕೆಯಲ್ಲಿ ಬಂದ ಕೆಲವೇ ತಿಂಗಳಲ್ಲಿ ಅಲ್ಲಿಗೆ ಹೋಗಿ ಪ್ರತಿಜ್ಞಾಪತ್ರ ತುಂಬಿ ಬಂದರು. ಇಪ್ಪತ್ತೆರಡು ವಯಸ್ಸಿನ ಹುಡುಗರಿಗೆ ಸಾವಿನ ಮಾತೆಂದರೆ ತಮಾಷೆ. ಕಾರ್ಡನ್ನು ನನಗೆ ತೋರಿಸಿ, "ಅಣ್ಣಾವ್ರ ಕಣ್ಣು ಹೋಗೋ ಕಡೇನೇ ನಮ್ದೂ ಸಾರ್" ಎಂದು ನಕ್ಕಿದ್ದ.

2017ರ ಡಿಸೆಂಬರಿನ ಒಂದು ಇರುಳು, ಎರಡು ಗಂಟೆ ದಾಟಿರಬೇಕು, ಅವನ ಹೆಂಡತಿ ದೂರವಾಣಿ ಮಾಡಿದಳು. ಎದೆನೋವೆಂದು ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲೇ ಮುಗಿದಿತ್ತು. ನಲವತ್ತೈದು ವರ್ಷ. ಅಳುವಿನ ನಡುವೆಯೇ, "ಅವರ ಕಾರ್ಡು ಪರ್ಸಲ್ಲೇ ಇದೆ ಸಾರ್. ಮನೇಲಿ ದೊಡ್ಡವರು ಯಾರೂ ಒಪ್ತಿಲ್ಲ. ನೀವು ಬನ್ನಿ" ಎಂದಳು.

ನಾನು ಹೋದಾಗ ವಠಾರದ ಅಂಗಳದಲ್ಲಿ ಜನ ಸೇರಿದ್ದರು. ಸೋದರತ್ತೆಯೊಬ್ಬರು, "ಕಣ್ಣಿಲ್ಲದೆ ಕಳಿಸಿದ್ರೆ ಮುಂದಿನ ಜನ್ಮಕ್ಕೆ ಕುರುಡನಾಗಿ ಹುಟ್ತಾನೆ" ಎಂದು ಪಟ್ಟು ಹಿಡಿದಿದ್ದರು. ಹಿರಿಯರೊಬ್ಬರು ಹೆಣದ ಮುಖ ಕೆಡುತ್ತದೆ ಎಂದರು. ಒಂದು ಸಂಗತಿ ಇಲ್ಲಿ ತಿಳಿದಿರಬೇಕು. ಬದುಕಿದ್ದಾಗ ಎಷ್ಟೇ ಪ್ರತಿಜ್ಞಾಪತ್ರ ತುಂಬಿರಲಿ, ಸತ್ತ ಮೇಲೆ ಮನೆಯವರು ಒಪ್ಪದಿದ್ದರೆ ಯಾವ ನೇತ್ರಬ್ಯಾಂಕಿನವರೂ ಕಣ್ಣು ತೆಗೆಯುವುದಿಲ್ಲ. ಆರು ಗಂಟೆಗಳೊಳಗೆ ಆಗಬೇಕಾದ ಕೆಲಸ, ಗಡಿಯಾರ ಓಡುತ್ತಿತ್ತು. ನಾನು ತಿಳಿದಷ್ಟನ್ನು ಹೇಳಿದೆ. ತೆಗೆಯುವುದು ಮುಖ್ಯವಾಗಿ ಕರಿಗುಡ್ಡೆಯ ಮುಂದಿನ ಕಾರ್ನಿಯಾ ಎಂಬ ಪಾರದರ್ಶಕ ಪೊರೆಗಾಗಿ, ಅರ್ಧ ಗಂಟೆಯ ಕೆಲಸ, ಮುಖ ಇದ್ದಂತೆಯೇ ಇರುತ್ತದೆ ಎಂದೆ. ಯಾರೂ ಕಿವಿಗೊಡಲಿಲ್ಲ. ಸಾವಿನ ಮನೆಯಲ್ಲಿ ಮೇಷ್ಟರ ಮಾತಿಗೆ ಅಷ್ಟೇ ಬೆಲೆ.

ಅಷ್ಟು ಹೊತ್ತೂ ಗೋಡೆಗೊರಗಿ ಸುಮ್ಮನೆ ಕುಳಿತಿದ್ದವರು ಅವನ ತಾಯಿ. ಜೀವಮಾನವೆಲ್ಲ ಆ ಹಾಡುಗಳನ್ನೂ ಆ ವಾದ್ಯಗೋಷ್ಠಿಯನ್ನೂ ಬೈದವರು. ನಾದಿನಿಯ ಕಡೆಗೆ ತಿರುಗಿ ತೆಲುಗಿನಲ್ಲಿ ಏನೋ ಹೇಳಿದರು. ಆಮೇಲೆ ನನ್ನ ಕಡೆ ನೋಡಿ ಕನ್ನಡದಲ್ಲಿ, "ರಾಜ್‌ಕುಮಾರ್ ಕೊಟ್ರಲ್ಲ ಮೇಷ್ಟ್ರೇ. ಅವರೇನು ಕುರುಡರಾಗಿ ಹುಟ್ತಾರಾ? ನನ್ನ ಮಗ ಅವರು ಹೋದ ದಾರೀಲೇ ಹೋದೋನು. ಫೋನ್ ಮಾಡಿ" ಎಂದರು.

ಮುಕ್ಕಾಲು ಗಂಟೆಯಲ್ಲಿ ಇಬ್ಬರು ಬಂದರು. ಕೈಮುಗಿದು ಒಳಗೆ ಹೋದರು, ಬಾಗಿಲು ಹಾಕಿಕೊಂಡರು, ಕೆಲಸ ಮುಗಿಸಿ ಮತ್ತೆ ಕೈಮುಗಿದು ಹೊರಟರು. ಬೆಳಕು ಹರಿದಾಗ ಸೋದರತ್ತೆ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದರು, ಏನೂ ಹೇಳಲಿಲ್ಲ. ಆ ಕಣ್ಣುಗಳು ಯಾರಿಗೆ ಹೋದವೆಂಬುದನ್ನು ಹೇಳುವ ಪದ್ಧತಿಯಿಲ್ಲ. ಬಸ್ಸಿನಲ್ಲಿ ಎದುರು ಕುಳಿತವರನ್ನು ಅವನ ತಾಯಿ ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದರೆಂದು ಸೊಸೆ ಹೇಳಿದ್ದುಂಟು.

ನಾಲ್ಕು ವರ್ಷಗಳ ಮೇಲೆ, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. ನಲವತ್ತಾರು ವರ್ಷ. ಸುದ್ದಿ ಕೇಳಿದ ಕ್ಷಣ ನಮ್ಮ ಬೀದಿಯ ಅಂಗಡಿಯವರೆಲ್ಲ ಧಡಧಡನೆ ಬಾಗಿಲೆಳೆದರು. 2006 ಯಾರಿಗೂ ಮರೆತಿರಲಿಲ್ಲ. ಆದರೆ ಅಂಥದ್ದೇನೂ ನಡೆಯಲಿಲ್ಲ. ಲಕ್ಷಾಂತರ ಜನ ಕಂಠೀರವ ಕ್ರೀಡಾಂಗಣದಲ್ಲಿ ಸಾಲಿನಲ್ಲಿ ನಿಂತು ನೋಡಿ ಹೋದರು. 31ರ ಬೆಳಗ್ಗೆ ತಂದೆತಾಯಿಯರ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು. ಈ ನಡುವೆ ಅವರ ಕಾರ್ನಿಯಾಗಳನ್ನು ಪದರ ಪದರವಾಗಿ ಬೇರ್ಪಡಿಸಿ, ಮೇಲ್ಪದರ ಕೆಟ್ಟವರಿಗೆ ಮೇಲಿನದು, ಒಳಪದರ ಕೆಟ್ಟವರಿಗೆ ಒಳಗಿನದು ಎಂದು ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಆ ಸುದ್ದಿ ಈ ಸಲ ಗದ್ದಲದಲ್ಲಿ ಮುಳುಗಲಿಲ್ಲ. ಸಾವಿರಾರು ಜನ ಪ್ರತಿಜ್ಞಾಪತ್ರ ತುಂಬಿದರು. ಹಳ್ಳಿ ಹಳ್ಳಿಗಳಲ್ಲಿ ಅಪ್ಪು ಹೆಸರಿನಲ್ಲಿ ನೇತ್ರದಾನ, ರಕ್ತದಾನದ ಶಿಬಿರಗಳು ನಡೆದವು.

ಹದಿನೈದು ವರ್ಷಗಳಲ್ಲಿ ಜನ ಬದಲಾದರೆ? ಪೊಲೀಸರ ವ್ಯವಸ್ಥೆ ಉತ್ತಮವಾಗಿತ್ತು, ಮುಖದರ್ಶನಕ್ಕೆ ಸಮಯ ಸಿಕ್ಕಿತು, ಇವೆಲ್ಲ ನಿಜ. ನನ್ನ ಅಭಿಪ್ರಾಯದಲ್ಲಿ ಇನ್ನೊಂದು ಕಾರಣವೂ ಉಂಟು: ಅಳುತ್ತಿದ್ದ ಕೈಗೆ ಈ ಸಲ ಒಂದು ಅರ್ಜಿ ಸಿಕ್ಕಿತು. ಹಾಗೆಂದು ಎಲ್ಲವೂ ಸುಂದರವಾಗಿತ್ತೆಂದು ಹೇಳಲಾರೆ. ಕೆಲವರು ದುಃಖ ತಾಳಲಾರದೆ ಪ್ರಾಣವನ್ನೇ ಕಳೆದುಕೊಂಡರು. ಹಾಗೆ ಮಾಡಬೇಡಿ, ನಿಮಗೂ ಕುಟುಂಬವಿದೆ ಎಂದು ಪುನೀತ್ ಅವರ ಅಣ್ಣಂದಿರೇ ಕೇಳಿಕೊಳ್ಳಬೇಕಾಯಿತು. ಪ್ರೀತಿಸಿದವರ ಹಿಂದೆ ಹೋಗುವುದೆಂದರೆ ಅವರು ಮಾಡಿದ ಕೆಲಸದ ಹಿಂದೆ ಹೋಗುವುದು ಎಂಬ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳುವವರು ಮನೆಯಲ್ಲೂ ಶಾಲೆಯಲ್ಲೂ ಬೇಕು. ಹಾಡನ್ನೇ ನಿಷೇಧಿಸಿದ ಮನೆಯಲ್ಲಿ ಈ ಮಾತನ್ನು ಆಡುವ ಅವಕಾಶವೂ ಹೋಗುತ್ತದೆ.

ಇನ್ನು ಕೊರಿಯಾದ ಹುಡುಗರ ವಿಷಯ. ನಾನು ಅವರ ಹಾಡುಗಳನ್ನು ಮೊಮ್ಮಗಳ ಪಕ್ಕದಲ್ಲಿ ಕುಳಿತು ಕೇಳಿದೆ. ನನ್ನ ಕಿವಿಗೆ ಹಿಡಿಸಲಿಲ್ಲ, ಅದು ನನ್ನ ಕಿವಿಯ ವಯಸ್ಸು. ಆದರೆ ಅವಳ ನೋಟುಪುಸ್ತಕ ನೋಡಿದಾಗ ಆಶ್ಚರ್ಯವಾಯಿತು. ಹಂಗುಲ್ ಎಂಬ ಕೊರಿಯಾದ ಲಿಪಿಯನ್ನು ಯಾರ ಸಹಾಯವೂ ಇಲ್ಲದೆ ಕಲಿತಿದ್ದಾಳೆ. ಹದಿನೈದನೆಯ ಶತಮಾನದಲ್ಲಿ ಸೆಜಾಂಗ್ ಎಂಬ ಅರಸ, ಸಾಮಾನ್ಯ ಜನರೂ ಓದಿ ಬರೆಯಲೆಂದು ಮಾಡಿಸಿದ ಲಿಪಿಯಂತೆ ಅದು. ಕೇಳಿದ ಹಾಡನ್ನು ಆ ಲಿಪಿಯಲ್ಲಿ ಬರೆದು, ಕೆಳಗೆ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆ ಬರೆದಿದ್ದಾಳೆ! ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಬರಲ್ಲ ತಾತ, ಕನ್ನಡದಲ್ಲೇ ಚೆನ್ನಾಗಿ ಬರುತ್ತೆ ಎಂದಳು. ಕನ್ನಡದ ಮೇಷ್ಟರಾಗಿ ನಿವೃತ್ತನಾದವನಿಗೆ ಇದಕ್ಕಿಂತ ಬೇರೆ ಲಂಚ ಬೇಕೆ? 2020ರಲ್ಲಿ ಆ ತಂಡದವರು ಅಮೆರಿಕದ ಕರಿಯ ಜನರ ಹೋರಾಟಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟಾಗ ಅವರ ಅಭಿಮಾನಿಗಳೂ ಕೈಯಿಂದ ಕೈಗೆ ಸೇರಿಸಿ ಅಷ್ಟೇ ಹಣವನ್ನು ಕೊಟ್ಟರೆಂಬುದನ್ನೂ ಅವಳೇ ಹೇಳಿದಳು. ಮಗಳಿಗೆ ನಾನು ಹೇಳಿದ್ದು ಇಷ್ಟೇ: ಗೋಡೆಯ ಮೇಲಿನ ಚಿತ್ರಗಳನ್ನು ಕೀಳಬೇಡ, ರಾತ್ರಿ ಹತ್ತಕ್ಕೆ ಫೋನು ಮಾತ್ರ ಕಿತ್ತುಕೊ. ಅವಳಿಗೆ ನನ್ನ ತೀರ್ಪು ಅರ್ಧ ಮಾತ್ರ ಒಪ್ಪಿಗೆಯಾಗಿದೆ.

ನಮ್ಮ ಹುಡುಗನ ತಂಡ ಈಗಲೂ ಇದೆ, ಐದು ಜನ ಉಳಿದಿದ್ದಾರೆ. ನವೆಂಬರಿನಲ್ಲಿ ಎರಡು ಮೂರು ಕಾರ್ಯಕ್ರಮ ಸಿಗುತ್ತವೆ. ಅವನ ಮಗ ಹಾಡುವುದಿಲ್ಲ, ಧ್ವನಿವರ್ಧಕದ ಕೆಲಸ ನೋಡಿಕೊಳ್ಳುತ್ತಾನೆ. ವೇದಿಕೆಯ ಪಕ್ಕದಲ್ಲಿ ಒಂದು ಮೇಜು ಹಾಕಿ ನೇತ್ರದಾನದ ಅರ್ಜಿಗಳನ್ನು ಇಟ್ಟುಕೊಂಡು ಕೂರುವವನೂ ಅವನೇ.

ಈಗ ನನ್ನ ಬಂಧುಗಳಿಗೆ ಒಂದು ಮಾತು. ಎದುರಿಗೆ ಹೇಳಿದರೆ ಅಪಶಕುನವೆಂದು ಬಾಯಿ ಮುಚ್ಚಿಸುತ್ತೀರಿ, ಆದ್ದರಿಂದ ಬರೆದಿಡುತ್ತೇನೆ. ನನ್ನ ಕಾರ್ಡು ನಡುಮನೆಯ ಬೀರುವಿನ ಮೇಲಿನ ಅರೆಯಲ್ಲಿ ಪಿಂಚಣಿ ಪುಸ್ತಕದ ಒಳಗಿದೆ. ನನಗೆ ಸಕ್ಕರೆ ಕಾಯಿಲೆಯಿದೆ, ಕನ್ನಡಕವಿದೆ, ಎಡಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯೂ ಆಗಿದೆ. ಇವು ಯಾವುವೂ ಅಡ್ಡಿಯಲ್ಲ. ಮೊದಲು ಫ್ಯಾನು ಆರಿಸಿ. ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ಒಂದು ದಿಂಬು ಇರಲಿ. ನೇತ್ರಬ್ಯಾಂಕಿನ ಸಂಖ್ಯೆ ಕಾರ್ಡಿನ ಹಿಂಬದಿಯಲ್ಲಿದೆ. ಮೈಸೂರಿನಿಂದ ತಮ್ಮ ಬರುವವರೆಗೂ ಕಾಯೋಣ ಎನ್ನಬೇಡಿ, ಅವನಿಗೆ ನಾನು ಆಗಲೇ ಹೇಳಿದ್ದೇನೆ.